ಅಳಿಸಿದ ಪತ್ರ ಎಲ್ಲಿಗೆ ಹೋಗುತ್ತದೆ?

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ಒಂದು ದಿನ ಎಂಟನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಅವಲೋಕನ ಹಾಳೆ ಹಿಡಿದು ಕುಳಿತಿದ್ದೆ. ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಇ-ಮೇಲ್ ನಿರ್ವಹಣೆಯ ಪಾಠ ಮಾಡುತ್ತಿದ್ದರು. ಆ ಶಾಲೆಯಲ್ಲಿ ಇಂಟರ್ನೆಟ್ ಇದ್ದ ದಿನ ಇದೆ, ಇಲ್ಲದ ದಿನ ಇಲ್ಲ. ಅದನ್ನು ಮೊದಲೇ ತಿಳಿದುಕೊಂಡ ಅವರು ಹಿಂದಿನ ದಿನವೇ ಅಲ್ಲಿನ ಗಣಕಯಂತ್ರಗಳಿಗೆ ಥಂಡರ್‌ಬರ್ಡ್ ತಂತ್ರಾಂಶ ಹಾಕಿ, ಅಭ್ಯಾಸಕ್ಕೆಂದು ಹತ್ತಿಪ್ಪತ್ತು ಪತ್ರಗಳನ್ನು ಇಳಿಸಿಟ್ಟಿದ್ದರು. ಮೊಜಿಲ್ಲಾದವರ ಈ ತಂತ್ರಾಂಶದ ಮೊದಲ ಪೂರ್ಣ ಆವೃತ್ತಿ ಬಂದದ್ದು 2004ರ ಡಿಸೆಂಬರಿನಲ್ಲಿ. ಅದು ಉಚಿತ, ಪತ್ರಗಳನ್ನು ಯಂತ್ರದಲ್ಲೇ ಇಟ್ಟುಕೊಳ್ಳಬಲ್ಲುದಾದ್ದರಿಂದ ಸಂಪರ್ಕವಿಲ್ಲದಾಗಲೂ ಓದಬಹುದು. ಸಿದ್ಧತೆ ಅಚ್ಚುಕಟ್ಟಾಗಿತ್ತು.

ಪಾಠವೂ ಅಚ್ಚುಕಟ್ಟಾಗಿಯೇ ನಡೆಯಿತು. ಬೇಡದ ಪತ್ರವನ್ನು ಆರಿಸಿ ಡಿಲೀಟ್ ಕೀ ಒತ್ತಿ ಎಂದರು, ಮಕ್ಕಳು ಒತ್ತಿದರು. ಬೇಕಾದ ಹಳೆಯ ಪತ್ರವನ್ನು ಆರಿಸಿ 'ಎ' ಅಕ್ಷರ ಒತ್ತಿದರೆ ಆರ್ಕೈವ್ ಆಗುತ್ತದೆ ಎಂದರು, ಅದನ್ನೂ ಒತ್ತಿದರು. ಅಷ್ಟರಲ್ಲಿ ಕಿಟಕಿಯ ಪಕ್ಕದ ಹುಡುಗಿಯೊಬ್ಬಳು ಎದ್ದು ನಿಂತಳು.

"ಸಾರ್, ಡಿಲೀಟ್ ಮಾಡಿದ್ದು ಎಲ್ಲಿಗೆ ಹೋಗುತ್ತೆ?"

"ಟ್ರ್ಯಾಶ್‌ಗೆ ಹೋಗುತ್ತಮ್ಮ. ಎಡಗಡೆ ನೋಡು, ಕಾಣುತ್ತೆ."

"ಟ್ರ್ಯಾಶ್‌ನಲ್ಲೂ ಡಿಲೀಟ್ ಮಾಡಿದ್ರೆ?"

"ಆಗ ಹೋಯ್ತು, ಅಷ್ಟೇ. ಕೂತ್ಕೋ."

ಹುಡುಗಿ ಕುಳಿತಳು. ಪಾಠ ಗಂಟೆ ಹೊಡೆಯುವ ಎರಡು ನಿಮಿಷ ಮೊದಲು ಮುಗಿಯಿತು. ನನ್ನ ಹಾಳೆಯಲ್ಲಿ ಪೀಠಿಕೆ, ವಿಷಯ ನಿರೂಪಣೆ, ಬೋಧನೋಪಕರಣ, ಕಪ್ಪುಹಲಗೆಯ ಬಳಕೆ, ಸಮಯ ಪಾಲನೆ ಎಲ್ಲದಕ್ಕೂ ಒಳ್ಳೆಯ ಅಂಕಗಳೇ ಬಿದ್ದವು. ಷರಾ ಜಾಗದಲ್ಲಿ 'ವಿದ್ಯಾರ್ಥಿಗಳ ಪ್ರಶ್ನೆಗಳನ್ನು ಚುರುಕಾಗಿ ನಿಭಾಯಿಸಿದ್ದಾರೆ' ಎಂದು ಬರೆದು ಸಹಿ ಹಾಕಿದೆ. ಆ ಷರಾ ತಪ್ಪು ಎಂದು ಹೇಳುವುದಕ್ಕಾಗಿಯೇ ಈ ಲೇಖನ ಬರೆಯುತ್ತಿದ್ದೇನೆ. ಪ್ರಶಿಕ್ಷಣಾರ್ಥಿಗಿಂತ ಹೆಚ್ಚಿನ ತಪ್ಪು ನನ್ನದು. ಅವರು ಕೊಟ್ಟ ಉತ್ತರವನ್ನೇ ನಾನೂ ಕೊಡುತ್ತಿದ್ದೆ.

ಅದಾಗಿ ಮೂರು ವಾರಕ್ಕೆ ನಮ್ಮ ವಿಭಾಗದಲ್ಲಿ ಒಂದು ಫಜೀತಿಯಾಯಿತು. ಬೋಧನಾಭ್ಯಾಸದ ಶಾಲೆಗಳಿಂದ ಬರುವ ಪತ್ರಗಳನ್ನೆಲ್ಲ ನಾನು ವಿಭಾಗದ ಗಣಕಯಂತ್ರದಲ್ಲಿ ಇದೇ ಥಂಡರ್‌ಬರ್ಡ್‌ನಲ್ಲಿ ಓದುತ್ತೇನೆ. ಇನ್‌ಬಾಕ್ಸ್ ತುಂಬಿ ಯಂತ್ರ ನಿಧಾನವಾಗಿತ್ತು. ಒಂದು ಶನಿವಾರ ಮಧ್ಯಾಹ್ನ ಕುಳಿತು ಸ್ವಚ್ಛತಾ ಕಾರ್ಯ ಶುರುಮಾಡಿದೆ. ಟ್ರ್ಯಾಶ್‌ಗೆ ಹೋಗಿ ಅಲ್ಲಿಂದ ಮತ್ತೆ ಅಳಿಸುವ ಎರಡು ಕೆಲಸವೇಕೆಂದು ಶಿಫ್ಟ್ ಹಿಡಿದು ಡಿಲೀಟ್ ಒತ್ತುವುದು ನನ್ನ ರೂಢಿ. ಹಾಗೆ ಮಾಡಿದರೆ ಪತ್ರ ಟ್ರ್ಯಾಶ್‌ಗೂ ಹೋಗುವುದಿಲ್ಲ. ಒಂದಿಷ್ಟು ಪತ್ರಗಳನ್ನು ಒಟ್ಟಿಗೆ ಆರಿಸಿ ಒತ್ತಿದೆ. ನಿಜವಾಗಿ ಅಳಿಸಲೇ ಎಂದು ಅದು ಕೇಳಿತು; ಹೌದು ಎಂದೆ.

ಸೋಮವಾರ ಒಬ್ಬ ಪ್ರಶಿಕ್ಷಣಾರ್ಥಿನಿ ಬಂದು, ತನ್ನ ಐದು ಪಾಠಗಳ ಬಗ್ಗೆ ಶಾಲೆಯ ಮಾರ್ಗದರ್ಶಿ ಶಿಕ್ಷಕರು ಕಳುಹಿಸಿದ್ದ ಅವಲೋಕನ ವರದಿಗಳ ಪ್ರತಿ ಕೇಳಿದರು. ಆಂತರಿಕ ಅಂಕಗಳ ಪರಿಶೀಲನೆಗೆ ಅವು ಬೇಕಿದ್ದವು. ಹುಡುಕಿದರೆ ಇಲ್ಲ. ಶನಿವಾರ ನಾನು ಆರಿಸಿದ ಸಾಲಿನಲ್ಲಿ ಅವೂ ಸೇರಿಹೋಗಿದ್ದವು. ಕಳುಹಿಸಿದ ಶಿಕ್ಷಕರು ಅಷ್ಟರಲ್ಲಿ ಬೇರೆ ಊರಿಗೆ ವರ್ಗವಾಗಿದ್ದರು. ಅವರು ಬಳಸುತ್ತಿದ್ದ ಖಾತೆಯ ಪಾಸ್‌ವರ್ಡ್ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೂಲ ಹಾಳೆಗಳು ಎಲ್ಲಿವೆ ಎಂದೂ ತಿಳಿಯಲಿಲ್ಲ. ಸರ್ವರ್‌ನಲ್ಲಾದರೂ ಇರಬಹುದೆಂದು ನೋಡಿದರೆ, ನಮ್ಮ ಖಾತೆ ಪಾಪ್ ವಿಧಾನದ್ದು. ಪತ್ರವನ್ನು ಯಂತ್ರಕ್ಕೆ ಇಳಿಸಿಕೊಂಡ ಮೇಲೆ 14 ದಿನ ಮಾತ್ರ ಸರ್ವರ್‌ನಲ್ಲಿ ಬಿಡುವಂತೆ ಅದರಲ್ಲಿ ಹೊಂದಿಸಲಾಗಿತ್ತು. ಆ ಗಡುವು ಎಂದೋ ಮುಗಿದಿತ್ತು. ಇಡೀ ಕಾಲೇಜಿನಲ್ಲಿ ಆ ವರದಿಗಳಿದ್ದ ಒಂದೇ ಜಾಗ ಈ ಯಂತ್ರ. ಅಲ್ಲಿಂದ ಅವನ್ನು ತೆಗೆದವಳು ನಾನೇ.

"ಮೇಡಂ, ಹಾಗಾದ್ರೆ ನನ್ನ ಅಂಕ?" ಎಂದು ಆಕೆ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಎಂಟನೆಯ ತರಗತಿಯ ಆ ಹುಡುಗಿ ನೆನಪಾದಳು. ಹೋಯ್ತು, ಅಷ್ಟೇ.

ನಮ್ಮ ಕಂಪ್ಯೂಟರ್ ಕೊಠಡಿಯ ಸಹಾಯಕರನ್ನು ಕರೆದೆ. ಅವರು ಕೇಳಿದ ಮೊದಲ ಪ್ರಶ್ನೆ: "ಮೇಡಂ, ಕಾಂಪ್ಯಾಕ್ಟ್ ಮಾಡಿದ್ರಾ?" ಆಗಾಗ ಪರದೆಯ ಮೇಲೆ ಆ ಹೆಸರಿನ ಪೆಟ್ಟಿಗೆಯೊಂದು ಬಂದು ಒಪ್ಪಿಗೆ ಕೇಳುತ್ತಿದ್ದುದು ನಿಜ. ಏನೆಂದು ತಿಳಿಯದೆ ಪ್ರತಿ ಸಲವೂ ಬೇಡವೆಂದೇ ಒತ್ತುತ್ತಿದ್ದೆ. "ಹಾಗಿದ್ರೆ ಇದೆ" ಎಂದರು ಅವರು.

ಮುಂದೆ ಅವರು ಮಾಡಿ ತೋರಿಸಿದ್ದನ್ನು ನಮ್ಮ ಕಸುಬಿನ ಮಾತಿನಲ್ಲೇ ಹೇಳುತ್ತೇನೆ. ಹಾಜರಿ ಪುಸ್ತಕದಲ್ಲಿ ಮಗುವೊಂದು ವರ್ಗಾವಣೆ ಪತ್ರ ಪಡೆದು ಹೋದಾಗ ನಾವೇನು ಮಾಡುತ್ತೇವೆ? ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆಯುತ್ತೇವೆ. ಮರುದಿನದಿಂದ ಆ ಹೆಸರನ್ನು ಕೂಗುವುದಿಲ್ಲ, ಆದರೆ ಹೆಸರು ಪುಸ್ತಕದಲ್ಲೇ ಇರುತ್ತದೆ. ಮುಂದಿನ ವರ್ಷ ಹೊಸ ಹಾಜರಿ ಪುಸ್ತಕ ಬರೆಯುವಾಗ ಮಾತ್ರ ಗೆರೆ ಎಳೆದ ಹೆಸರನ್ನು ಬಿಟ್ಟು ಉಳಿದವನ್ನು ಬರೆದುಕೊಳ್ಳುತ್ತೇವೆ.

ಥಂಡರ್‌ಬರ್ಡ್ ಸಾಮಾನ್ಯವಾಗಿ ಕೆಲಸ ಮಾಡುವುದೂ ಹೀಗೆಯೇ. ಇನ್‌ಬಾಕ್ಸ್ ಎಂದರೆ ಅದರ ಮಟ್ಟಿಗೆ ಒಂದೇ ಉದ್ದನೆಯ ಪಠ್ಯ ಕಡತ. ಎಂಬಾಕ್ಸ್ ಎಂಬ ಹಳೆಯ ವಿಧಾನ ಅದು. ಪತ್ರಗಳು ಒಂದರ ಕೆಳಗೊಂದು ಸೇರುತ್ತಾ ಹೋಗುತ್ತವೆ. ಒಂದು ಪತ್ರವನ್ನು ಅಳಿಸಿದಾಗ ನಡುವಿನಿಂದ ಅದನ್ನು ಕಿತ್ತು ತೆಗೆಯುವುದಿಲ್ಲ. ಹಾಗೆ ಮಾಡಿದರೆ ಪ್ರತಿ ಸಲವೂ ಇಡೀ ಕಡತವನ್ನು ಮತ್ತೆ ಬರೆಯಬೇಕಾಗುತ್ತದೆ. ಅದರ ಬದಲು, ಪ್ರತಿ ಪತ್ರದ ತಲೆಯಲ್ಲಿರುವ 'ಎಕ್ಸ್-ಮೊಜಿಲ್ಲಾ-ಸ್ಟೇಟಸ್' ಎಂಬ ಸಾಲಿನಲ್ಲಿ ಗುರುತು ಬದಲಾಗುತ್ತದೆ. ಓದಿದ ಪತ್ರಕ್ಕೆ 0001 ಎಂದಿದ್ದದ್ದು, ಅಳಿಸಿದ ಮೇಲೆ ಎಂಟು ಸೇರಿ 0009 ಆಗುತ್ತದೆ. ನಮ್ಮ ಕೆಂಪು ಗೆರೆಯಂತೆ. ಪರದೆಯ ಮೇಲೆ ಪತ್ರ ಕಾಣುವುದಿಲ್ಲ, ಕಡತದಲ್ಲಿ ಅಕ್ಷರಶಃ ಹಾಗೆಯೇ ಇರುತ್ತದೆ. ಶಿಫ್ಟ್ ಹಿಡಿಯದೆ ಅಳಿಸಿದರೆ ಅದೇ ಪತ್ರದ ಪ್ರತಿ ಟ್ರ್ಯಾಶ್‌ನ ಕಡತಕ್ಕೂ ಹೋಗುತ್ತದೆ. ಅಂದರೆ ಅಳಿಸಿದ ಪತ್ರ ಸ್ವಲ್ಪ ಕಾಲ ಎರಡು ಕಡೆ ಜಾಗ ತಿನ್ನುತ್ತಿರುತ್ತದೆ! ಗೆರೆ ಎಳೆದವನ್ನು ಬಿಟ್ಟು ಹೊಸ ಪುಸ್ತಕ ಬರೆಯುವ ಕೆಲಸವೇ ಕಾಂಪ್ಯಾಕ್ಟ್. ಅದಾದ ಮೇಲಷ್ಟೇ ಕಡತ ಚಿಕ್ಕದಾಗುವುದು.

ಸಹಾಯಕರು ಮೊದಲು ಥಂಡರ್‌ಬರ್ಡ್ ಮುಚ್ಚಿಸಿದರು. ಇನ್‌ಬಾಕ್ಸ್ ಕಡತದ ಒಂದು ಪ್ರತಿಯನ್ನು ಬೇರೆಡೆ ತೆಗೆದಿಟ್ಟರು. ಆಮೇಲೆ ಮೂಲ ಕಡತವನ್ನು ಸಾದಾ ಪಠ್ಯ ಸಂಪಾದಕದಲ್ಲಿ ತೆರೆದು, ಆ ಐದು ಪತ್ರಗಳನ್ನು ಹುಡುಕಿ, 0009 ಇದ್ದಲ್ಲಿ 0001 ಮಾಡಿದರು. ಪಕ್ಕದಲ್ಲಿದ್ದ ಎಂಎಸ್‌ಎಫ್ ಎಂಬ ಪರಿವಿಡಿ ಕಡತವನ್ನು ತೆಗೆದುಹಾಕಿದರು. ತಂತ್ರಾಂಶ ಮತ್ತೆ ತೆರೆದಾಗ ಪರಿವಿಡಿಯನ್ನು ಹೊಸದಾಗಿ ತಾನೇ ಮಾಡಿಕೊಂಡಿತು. ಐದೂ ಪತ್ರಗಳು ಲಗತ್ತುಗಳ ಸಮೇತ ಬಂದು ಕುಳಿತವು. ಪ್ರಶಿಕ್ಷಣಾರ್ಥಿನಿ ಅಲ್ಲೇ ನಿಂತು ಮುದ್ರಿಸಿಕೊಂಡರು.

ಇಲ್ಲಿಗೇ ಮುಗಿದಿದ್ದರೆ ಇದು ಸಂತೋಷದ ಕಥೆಯಾಗುತ್ತಿತ್ತು. ಆದರೆ ಅವರು 0009 ಎಂದು ಹುಡುಕುತ್ತಾ ಹೋದಂತೆ ಇನ್ನೂ ಎಷ್ಟೋ ಹಳೆಯ ಪತ್ರಗಳು ಪರದೆಯ ಮೇಲೆ ಹಾದುಹೋದವು. ಅವುಗಳಲ್ಲೊಂದು ನನಗೆ ಚೆನ್ನಾಗಿ ನೆನಪಿದ್ದ ಪತ್ರ. ಎರಡು ವರ್ಷದ ಹಿಂದೆ ಒಂದು ಶಾಲೆಯ ಮುಖ್ಯೋಪಾಧ್ಯಾಯರು ವಿಶೇಷ ಅಗತ್ಯವುಳ್ಳ ಮಕ್ಕಳ ಪಟ್ಟಿ ಕಳುಹಿಸಿದ್ದರು. ಆ ಮಕ್ಕಳನ್ನು ಗಮನದಲ್ಲಿಟ್ಟುಕೊಂಡು ಪಾಠಯೋಜನೆ ಮಾಡಲೆಂದು ನಾನೇ ಕೇಳಿ ತರಿಸಿಕೊಂಡದ್ದು. ಮಕ್ಕಳ ಹೆಸರು, ಯಾರಿಗೆ ಯಾವ ತೊಂದರೆ, ಪೋಷಕರ ಫೋನ್ ಸಂಖ್ಯೆ ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ ಸಾಲಾಗಿದ್ದವು. "ಕೆಲಸ ಮುಗಿದ ಕೂಡಲೇ ಅಳಿಸಿಬಿಡಿ ಮೇಡಂ, ಪೋಷಕರಿಗೆ ಮಾತು ಕೊಟ್ಟಿದ್ದೇನೆ" ಎಂದಿದ್ದರು. ಅವಧಿ ಮುಗಿದ ದಿನವೇ ಅಳಿಸಿದೆ. ಟ್ರ್ಯಾಶ್ ಕೂಡ ಖಾಲಿ ಮಾಡಿದೆ. ಫೋನ್ ಮಾಡಿ ತಿಳಿಸಿಯೂ ಇದ್ದೆ.

ಪಟ್ಟಿ ಎರಡು ವರ್ಷವೂ ಅಲ್ಲೇ ಇತ್ತು. ವಿಭಾಗದ ಯಂತ್ರವನ್ನು ಎಲ್ಲ ಪ್ರಶಿಕ್ಷಣಾರ್ಥಿಗಳೂ ಬಳಸುತ್ತಾರೆ. ಪಠ್ಯ ಕಡತ ತೆರೆಯಬಲ್ಲ ಯಾರು ಬೇಕಾದರೂ ಅದನ್ನು ಓದಬಹುದಿತ್ತು. ಉಳಿಯಬೇಕಾದ ವರದಿಯನ್ನು ಕಳೆಯಹೊರಟವಳೂ, ಹೋಗಬೇಕಾದ ಪಟ್ಟಿಯನ್ನು ಉಳಿಸಿಕೊಂಡವಳೂ ನಾನೇ. ಎರಡಕ್ಕೂ ಕಾರಣ ಒಂದೇ ಅಜ್ಞಾನ. ಎಂಟನೆಯ ತರಗತಿಯ ಹುಡುಗಿ ಕೇಳಿದ ಪ್ರಶ್ನೆಗೆ ನನಗೆ ಉತ್ತರ ಗೊತ್ತಿರಲಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಕಂಪ್ಯೂಟರ್ ಪಾಠವನ್ನು ನಾವು ಕೀಲಿ ಒತ್ತುವ ಪಾಠವಾಗಿ ಮಾಡುತ್ತಿದ್ದೇವೆ, ಹಾಗೆ ಮಾಡಿದವರಿಗೆ ಅಂಕವನ್ನೂ ಕೊಡುತ್ತಿದ್ದೇವೆ. ಎನ್‌ಸಿಟಿಇಯ 2014ರ ನಿಯಮಗಳಂತೆ ಬಿ.ಇಡಿ. ಎರಡು ವರ್ಷದ್ದಾದಾಗ ಪಠ್ಯಕ್ರಮಕ್ಕೆ ಬಂದ ಐಸಿಟಿ ಪತ್ರಿಕೆಯ ಹೆಸರಿನಲ್ಲೇ 'ವಿಮರ್ಶಾತ್ಮಕ ಅರಿವು' ಎಂಬ ಮಾತಿದೆ. ಆ ಮಾತಿಗೆ ಬೆಲೆ ಇರಬೇಕಾದರೆ, ಒತ್ತಿದ ಮೇಲೆ ಏನಾಗುತ್ತದೆ ಎಂಬುದು ಪಾಠದ ಭಾಗವಾಗಬೇಕು.

ಪತ್ರ ನಿರ್ವಹಣೆಯ ಮಟ್ಟಿಗೆ ಕಲಿಸಬೇಕಾದದ್ದು ಮೂರು ಬೇರೆ ಬೇರೆ ತೀರ್ಮಾನಗಳನ್ನು ಎಂದು ನನಗೆ ಅನಿಸುತ್ತದೆ.

ಮೊದಲನೆಯದು ತೆಗೆದಿಡುವುದು. ಇದು ಆರ್ಕೈವ್. ಹಳೆಯ ಹಾಜರಿ ಪುಸ್ತಕಗಳನ್ನು ವರ್ಷವಾರು ಕಟ್ಟಿ ಬೀರುವಿನಲ್ಲಿ ಇಡುವಂತೆ, ಥಂಡರ್‌ಬರ್ಡ್ ಪತ್ರಗಳನ್ನು ಆರ್ಕೈವ್ಸ್ ಎಂಬ ಫೋಲ್ಡರ್‌ನೊಳಗೆ ವರ್ಷದ ಹೆಸರಿನಲ್ಲಿ ಇಡುತ್ತದೆ. ಬೇಕೆಂದರೆ ತಿಂಗಳುವಾರು ಇಡುವಂತೆಯೂ ಹೊಂದಿಸಬಹುದು. ಪತ್ರ ಮೇಜಿನಿಂದ ಹೋಗುತ್ತದೆ, ಶಾಲೆಯಿಂದ ಹೋಗುವುದಿಲ್ಲ. ಇನ್‌ಬಾಕ್ಸ್ ತುಂಬಿದೆ ಎಂದು ನಾನು ಅಳಿಸಹೊರಟ ದಿನ ನಿಜಕ್ಕೂ ಮಾಡಬೇಕಿದ್ದದ್ದು ಈ ಕೆಲಸ. ಒಂದು ಎಚ್ಚರಿಕೆ ಮಾತ್ರ ಬೇಕು: ತೆಗೆದಿಟ್ಟ ಪತ್ರ ಅದೇ ಯಂತ್ರದಲ್ಲಿದ್ದರೆ ಅದು ಇನ್ನೊಂದು ಪ್ರತಿಯಲ್ಲ. ಡಿಸ್ಕ್ ಕೆಟ್ಟ ದಿನ ಬೀರುವೂ ಹೋಗುತ್ತದೆ. ಮುಖ್ಯವಾದದ್ದಕ್ಕೆ ಬೇರೆಡೆ ಒಂದು ನಕಲು ಇರಲೇಬೇಕು.

ಎರಡನೆಯದು ಬುಟ್ಟಿಗೆ ಹಾಕುವುದು. ಮನಸ್ಸು ಬದಲಾದರೆ ಹೆಕ್ಕಿಕೊಳ್ಳಲು ಸಿಗಲಿ ಎಂದು ಹಾಕುವುದು ಇದು. ತಂತ್ರಾಂಶ ಮುಚ್ಚುವಾಗಲೆಲ್ಲ ಟ್ರ್ಯಾಶ್ ಖಾಲಿಯಾಗುವಂತೆ ಹೊಂದಿಸಿದ್ದರೆ ಆ ಅವಕಾಶ ಸಂಜೆಗೇ ಮುಗಿಯುತ್ತದೆ. ಹಾಗಾಗಿ ಬುಟ್ಟಿಯನ್ನು ಬೀರುವಿನಂತೆ ಬಳಸಬಾರದು. 'ಇರಲಿ, ಟ್ರ್ಯಾಶ್‌ನಲ್ಲಿ ಹೇಗೂ ಇರುತ್ತದೆ' ಎಂದು ಬೇಕಾದ ಪತ್ರಗಳನ್ನು ಅಲ್ಲೇ ಬಿಡುವವರನ್ನು ನಮ್ಮ ಸಹೋದ್ಯೋಗಿಗಳಲ್ಲೇ ಕಂಡಿದ್ದೇನೆ.

ಮೂರನೆಯದು ಇಲ್ಲವಾಗಿಸುವುದು. ಪತ್ರ ಅಳಿಸಿ, ಟ್ರ್ಯಾಶ್ ಖಾಲಿ ಮಾಡಿ, ಫೋಲ್ಡರ್ ಕಾಂಪ್ಯಾಕ್ಟ್ ಮಾಡಬೇಕು. ಅಷ್ಟಾದರೂ ಕಳುಹಿಸಿದವರ ಬಳಿ, ಸರ್ವರ್‌ನಲ್ಲಿ, ನಾವು ತೆಗೆದಿಟ್ಟ ನಕಲುಗಳಲ್ಲಿ ಪ್ರತಿ ಉಳಿದಿರಬಹುದು. ಅವನ್ನೂ ಯೋಚಿಸಬೇಕು. ಮಕ್ಕಳ ಮಾಹಿತಿ ಕೈಯಲ್ಲಿರುವ ಶಿಕ್ಷಕರಿಗೆ ಇದು ಐಚ್ಛಿಕ ಕೌಶಲವಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನೆಲ್ಲ ಮಕ್ಕಳೆಂದೇ ಪರಿಗಣಿಸುತ್ತದೆ. ಪಡೆದ ಉದ್ದೇಶ ಮುಗಿದ ಮೇಲೆ ಮಾಹಿತಿಯನ್ನು ಅಳಿಸಬೇಕೆಂಬ ತತ್ವವೂ ಅದರಲ್ಲಿದೆ. ಕಾಯ್ದೆಯ ಮಾತು ಹಾಗಿರಲಿ, ಪೋಷಕರಿಗೆ ಕೊಟ್ಟ ಮಾತು ಒಂದಿತ್ತಲ್ಲ.

ಈ ವಿಷಯವನ್ನು ವಿಭಾಗದ ಸಭೆಯಲ್ಲಿ ಇಟ್ಟಾಗ ಎರಡು ಆಕ್ಷೇಪಗಳು ಬಂದವು. ಎರಡರಲ್ಲೂ ಹುರುಳಿದೆ.

ಮೊದಲನೆಯದು, ಈ ಕಾಲದಲ್ಲಿ ಡೆಸ್ಕ್‌ಟಾಪ್ ತಂತ್ರಾಂಶದಲ್ಲಿ ಯಾರು ಪತ್ರ ಓದುತ್ತಾರೆ, ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ ಎಂಬುದು. ನಿಜ. ಆದರೆ ಮೊಬೈಲಿನಲ್ಲಿಯೂ ಇದೇ ಮೂರು ತೀರ್ಮಾನಗಳಿವೆ, ಕಣ್ಣಿಗೆ ಕಾಣುವುದು ಮಾತ್ರ ಕಡಿಮೆ. ಜಿಮೇಲ್‌ನಲ್ಲಿ ಆರ್ಕೈವ್ ಮಾಡಿದ ಪತ್ರ ಇನ್‌ಬಾಕ್ಸ್‌ನಿಂದ ಮರೆಯಾದರೂ 'ಆಲ್ ಮೇಲ್'ನಲ್ಲಿ ಇದ್ದೇ ಇರುತ್ತದೆ. ಬುಟ್ಟಿಗೆ ಹೋದದ್ದು 30 ದಿನದ ನಂತರ ತಾನಾಗಿ ಹೋಗುತ್ತದೆ. ಇನ್ನು ಐಮ್ಯಾಪ್ ವಿಧಾನದ ಖಾತೆಯಾದರೆ, ಒಂದು ಕಡೆ ಅಳಿಸಿದ್ದು ಉಳಿದೆಲ್ಲ ಸಾಧನಗಳಲ್ಲೂ ಅಳಿಯುತ್ತದೆ. ಇದನ್ನು ತಿಳಿಯದೆ ಮೊಬೈಲಿನಲ್ಲಿ ಜಾಗ ಮಾಡಲು ಹೋಗಿ ಕಚೇರಿಯ ಪತ್ರ ಕಳೆದುಕೊಳ್ಳಬಹುದು. ಡೆಸ್ಕ್‌ಟಾಪ್ ತಂತ್ರಾಂಶ ಕಲಿಸಲು ಅನುಕೂಲ ಏಕೆಂದರೆ ಅಲ್ಲಿ ಕಡತವನ್ನು ತೆರೆದು ತೋರಿಸಬಹುದು. ಹೂವಿನ ಭಾಗಗಳನ್ನು ಬಿಡಿಸಿ ತೋರಿಸಲು ನಾವು ದೊಡ್ಡ ದಾಸವಾಳವನ್ನು ಆರಿಸಿಕೊಳ್ಳುತ್ತೇವಲ್ಲ, ಹಾಗೆ.

ಎರಡನೆಯದು, 40 ನಿಮಿಷದ ಅವಧಿಯಲ್ಲಿ ಇದನ್ನೆಲ್ಲ ಎಂಟನೆಯ ತರಗತಿಗೆ ಹೇಳಿದರೆ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ ಎಂಬುದು. 0009ರ ಲೆಕ್ಕ ಮಕ್ಕಳಿಗೆ ಬೇಡ ಎಂದು ನಾನೂ ಒಪ್ಪುತ್ತೇನೆ. ಅದು ಶಿಕ್ಷಕರಿಗೆ ಗೊತ್ತಿದ್ದರೆ ಸಾಕು. ಮಕ್ಕಳಿಗೆ ಹಾಜರಿ ಪುಸ್ತಕ ಸಾಕು. ಆದರೆ ಪ್ರಶ್ನೆ ಕೇಳಿದ ಮಗುವನ್ನು 'ಅಷ್ಟೇ, ಕೂತ್ಕೋ' ಎಂದು ಕೂರಿಸಿದರೆ ಗೊಂದಲ ಹೋಗುವುದಿಲ್ಲ, ಪ್ರಶ್ನೆ ಕೇಳುವ ಅಭ್ಯಾಸ ಹೋಗುತ್ತದೆ. 'ನಾಳೆ ನೋಡಿಕೊಂಡು ಬಂದು ಹೇಳುತ್ತೇನಮ್ಮ' ಎನ್ನುವ ಶಿಕ್ಷಕರ ಗೌರವ ಕಡಿಮೆಯಾದದ್ದನ್ನು ನನ್ನ ಸೇವೆಯಲ್ಲಿ ಕಂಡಿಲ್ಲ.

ಆದ್ದರಿಂದ ನನ್ನ ಸಲಹೆ ಎರಡೇ. ಒಂದು, ಅವಲೋಕನ ಹಾಳೆಯಲ್ಲಿ 'ಉತ್ತರ ಸಿಗದೆ ಉಳಿದ ವಿದ್ಯಾರ್ಥಿ ಪ್ರಶ್ನೆ' ಎಂಬ ಒಂದು ಅಂಕಣ ಸೇರಿಸೋಣ. ಅದಕ್ಕೆ ಅಂಕ ಬೇಡ. ಆ ಪ್ರಶ್ನೆಯನ್ನು ಪ್ರಶಿಕ್ಷಣಾರ್ಥಿ ಮುಂದಿನ ಪಾಠದ ಪೀಠಿಕೆಯಲ್ಲಿ ಎತ್ತಿಕೊಂಡರೆ ಸಾಕು. ಎರಡು, ಬೋಧನಾಭ್ಯಾಸ ಮುಗಿದ ವಾರ ವಿಭಾಗದ ಯಂತ್ರದ ಮುಂದೆ ಮೇಲ್ವಿಚಾರಕರೂ ಪ್ರಶಿಕ್ಷಣಾರ್ಥಿಗಳೂ ಒಟ್ಟಿಗೆ ಕುಳಿತು, ಬಂದ ಪತ್ರಗಳಲ್ಲಿ ಯಾವುದನ್ನು ತೆಗೆದಿಡಬೇಕು, ಯಾವುದನ್ನು ಇಲ್ಲವಾಗಿಸಬೇಕು ಎಂದು ತೀರ್ಮಾನಿಸಿ ಆ ಕೆಲಸ ಮಾಡಿ ಮುಗಿಸೋಣ. ಅದಕ್ಕಿಂತ ಒಳ್ಳೆಯ ಐಸಿಟಿ ಪ್ರಾಯೋಗಿಕ ತರಗತಿ ನನಗೆ ತೋಚುತ್ತಿಲ್ಲ.

ನಮ್ಮ ಯಂತ್ರದ ಇನ್‌ಬಾಕ್ಸ್ ಅನ್ನು ಅದೇ ಸಂಜೆ ಕಾಂಪ್ಯಾಕ್ಟ್ ಮಾಡಿಸಿದೆ. ಸಹಾಯಕರು ಬೇರೆಡೆ ತೆಗೆದಿಟ್ಟಿದ್ದ ಪ್ರತಿಯನ್ನೂ ಮರೆಯದೆ ತೆಗೆಸಿದೆ. ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಈಗಲಾದರೂ ಹೋಗಿದೆಯಾ ಮೇಡಂ?" ಎಂದು ಕೇಳಿದರು. ನಮ್ಮ ಯಂತ್ರದಿಂದ ಹೋಗಿದೆ, ನಿಮ್ಮ ಶಾಲೆಯ 'ಸೆಂಟ್' ಫೋಲ್ಡರ್ ಒಮ್ಮೆ ನೋಡಿಕೊಳ್ಳಿ ಎಂದೆ.

ಪ್ರಶಿಕ್ಷಣಾರ್ಥಿಗೂ ಎಲ್ಲವನ್ನೂ ಹೇಳಿದೆ. ಅವರು ಮುಂದಿನ ಅವಧಿಗೆ ಶಾಲೆಯ ಹಳೆಯ ಹಾಜರಿ ಪುಸ್ತಕವನ್ನೇ ಬೋಧನೋಪಕರಣವಾಗಿ ಹಿಡಿದು ತರಗತಿಗೆ ಹೋದರು. ಹೆಸರುಗಳ ಅಂಕಣದ ಮೇಲೆ ಕಾಗದ ಮುಚ್ಚಿ, ಕೆಂಪು ಗೆರೆಗಳನ್ನಷ್ಟೇ ತೋರಿಸಿ, "ಹೋದ ಸಲ ನಾನು ತಪ್ಪು ಹೇಳಿದೆ" ಎಂದೇ ಪಾಠ ಶುರುಮಾಡಿದರು. ಕಿಟಕಿಯ ಪಕ್ಕದ ಹುಡುಗಿ ಪೂರ್ತಿ ಕೇಳಿಸಿಕೊಂಡು, "ಹಾಗಾದ್ರೆ ಹೊಸ ಪುಸ್ತಕ ಬರೆಯೋವರೆಗೂ ಇರುತ್ತೆ, ಅಲ್ವಾ ಸಾರ್?" ಎಂದಳು.

ಆ ದಿನ ಕಾಲೇಜಿಗೆ ಬಂದು ಹಿಂದಿನ ಅವಲೋಕನ ಹಾಳೆಯನ್ನು ತೆಗೆದೆ. ಹಳೆಯ ಷರಾ ಹೊಡೆದುಹಾಕಲಿಲ್ಲ. ಅದರ ಕೆಳಗೇ ತಿದ್ದುಪಡಿ ಬರೆದು, ದಿನಾಂಕ ಹಾಕಿ, ಕಡತಕ್ಕೆ ಸೇರಿಸಿದ್ದೇನೆ.